ಜಮೀನು ಕೊಟ್ಟು ಮರುಭೂಮಿಗೆ ಹೋದವರು

ಕ್ರಿ.ಶ. 324ರ ಜೂನ್ ತಿಂಗಳು. ಈಜಿಪ್ಟಿನ ಕರಾನಿಸ್ ಎಂಬ ಹಳ್ಳಿ. ಇಸಿಡೋರ ಅನ್ನೋ ರೈತನ ಹೊಲಕ್ಕೆ ಬೇರೆಯವರ ಹಸು ನುಗ್ಗಿ ಬೆಳೆ ಹಾಳು ಮಾಡಿತು. ಇವನು ಸುಮ್ನಿರಲಿಲ್ಲ. ಹಸುವನ್ನು ಹಿಡಿದು ಊರೊಳಕ್ಕೆ ಹೊಡೆದುಕೊಂಡು ಹೊರಟ. ದಾರಿಯಲ್ಲಿ ಹಸುವಿನವರು ದೊಣ್ಣೆ ಹಿಡಿದು ಎದುರಾದರು. ನೆಲಕ್ಕೆ ಕೆಡವಿ ಬಡಿದರು, ಹಸು ಬಿಡಿಸಿಕೊಂಡು ಹೋದರು. ನಮ್ಮ ಕಡೆ ಯಾವ ಠಾಣೆಗೆ ಹೋದರೂ ಇವತ್ತಿಗೂ ಇಂಥದ್ದೊಂದು ದೂರು ಸಿಕ್ಕೀತು.

ಇಸಿಡೋರ ಅಧಿಕಾರಿಗೆ ಅರ್ಜಿ ಬರೆಸಿದ. ಆ ಪಪೈರಸ್ ಹಾಳೆ ಉಳಿದುಬಂದಿದೆ. ಅದರಲ್ಲಿ ಒಂದು ಮಾತಿದೆ: ಡೀಕನ್ (ಪಾದ್ರಿಯ ಕೆಳಗಿನ ಸೇವಕ) ಅಂತೋನಿನ ಮತ್ತು ಮೊನಾಖೋಸ್ ಇಸಾಕ ಅಲ್ಲಿ ಸಿಕ್ಕಿ ಬಿಡಿಸದೇ ಇದ್ದಿದ್ದರೆ ನನ್ನನ್ನು ಕೊಂದೇಬಿಡುತ್ತಿದ್ದರು ಅಂತ. ಮೊನಾಖೋಸ್ ಅಂದರೆ ಗ್ರೀಕಿನಲ್ಲಿ ಒಂಟಿ. ಕ್ರೈಸ್ತ ಸನ್ಯಾಸಿ ಎಂಬ ಅರ್ಥದಲ್ಲಿ ಈ ಪದ ಬಂದಿರುವ, ನಮಗೆ ಗೊತ್ತಿರುವ ಮೊದಲ ದಾಖಲೆ ಇದೇ. ಅರ್ಜಿಯಲ್ಲಿ ಆ ಪದಕ್ಕೆ ವಿವರಣೆ ಕೊಟ್ಟಿಲ್ಲ. ಓದುವ ಅಧಿಕಾರಿಗೆ ಅಷ್ಟರಲ್ಲಾಗಲೇ ಅದು ಗೊತ್ತಿತ್ತು.

ನನಗೆ ಇಸಾಕ ಇಷ್ಟವಾಗುವುದು ಇದಕ್ಕೇ. ಮನೆ, ಮದುವೆ, ಆಸ್ತಿ ಬಿಟ್ಟವನು ಅಂದರೆ ದೂರದ ಗವಿಯಲ್ಲಿ ಕಣ್ಣು ಮುಚ್ಚಿ ಕೂತವನು ಅಂದುಕೊಳ್ಳುತ್ತೇವೆ. ಇವನು ಹೊಲದ ದಾರಿಯಲ್ಲಿ ಹಸುವಿನ ಜಗಳ ಬಿಡಿಸುತ್ತಿದ್ದಾನೆ.

ಹಾಗಾದರೆ ಈ ಒಂಟಿಗಳು ಯಾರು? ನಾಲ್ಕನೇ ಶತಮಾನದಲ್ಲಿ ಅಷ್ಟೊಂದು ಗಂಡಸರು ಈಜಿಪ್ಟಿನ ಮರಳಿಗೆ ಯಾಕೆ ಹೋದರು?

ಮೊದಲು ಕಾಲದ ಲೆಕ್ಕ ನೋಡೋಣ. 303ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೇಷಿಯನ್ ಕ್ರೈಸ್ತರ ಮೇಲೆ ಮುರಿದುಬಿದ್ದ. ಈಜಿಪ್ಟಿನಲ್ಲಿ ಆ ಹಿಂಸೆ ಎಷ್ಟಿತ್ತೆಂದರೆ ಅಲ್ಲಿನ ಕಾಪ್ಟಿಕ್ ಕ್ರೈಸ್ತ ಸಭೆ ಇವತ್ತಿಗೂ ವರ್ಷ ಎಣಿಸುವುದು ಅವನು ಪಟ್ಟಕ್ಕೆ ಬಂದ 284ರಿಂದ. ಅದಕ್ಕೆ ಹುತಾತ್ಮರ ಶಕೆ ಅಂತಲೇ ಹೆಸರು. ಆಮೇಲೆ 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಸೇರಿ ಕ್ರೈಸ್ತರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರು. ಪಾದ್ರಿಗಳಿಗೆ ನಗರಸಭೆಯ ದುಬಾರಿ ಹೊಣೆಗಳಿಂದ ವಿನಾಯಿತಿ ಸಿಕ್ಕಿತು. ಧರ್ಮಾಧ್ಯಕ್ಷರಿಗೆ ಅರಮನೆಯ ಬಾಗಿಲು ತೆರೆಯಿತು. 380ರ ಹೊತ್ತಿಗೆ ಅದೇ ಸಾಮ್ರಾಜ್ಯದ ಧರ್ಮ. ಒಂದೇ ಆಯುಷ್ಯದಲ್ಲಿ, ತಲೆ ಹೋಗುವ ನಂಬಿಕೆ ಕೆಲಸ ಕೊಡಿಸುವ ನಂಬಿಕೆಯಾಯಿತು.

ಮರುಭೂಮಿಯಲ್ಲಿ ಜನ ಜಾಸ್ತಿಯಾಗಿದ್ದು ಸರಿಯಾಗಿ ಈ ಹೊತ್ತಿನಲ್ಲೇ. ಕಷ್ಟ ಇದ್ದಾಗ ಓಡಿಹೋದರು ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಇವರು ಹೊರಟಿದ್ದು ಸುಖ ಬಂದಾಗ. ಪ್ರಾಣ ಕೊಟ್ಟು ನಂಬಿಕೆ ತೋರಿಸುವ ದಾರಿ ಮುಚ್ಚಿತ್ತು, ಬೇರೆ ದಾರಿ ಹುಡುಕಬೇಕಿತ್ತು.

ಇದು ಒಂದು ಕಾರಣ ಮಾತ್ರ. ಇನ್ನೊಂದನ್ನು ಮುಚ್ಚಿಡಬಾರದು. ಗ್ರೀಕಿನಲ್ಲಿ ವಿರಕ್ತನಾಗಿ ಹೊರಡುವುದಕ್ಕೆ ಅನಖೋರೆಸಿಸ್ ಅನ್ನುತ್ತಿದ್ದರು. ಈ ಪದ ಮೊದಲಿಂದಲೂ ಈಜಿಪ್ಟಿನಲ್ಲಿತ್ತು, ಆದರೆ ಅರ್ಥ ಬೇರೆ: ಕಂದಾಯ ಕಟ್ಟಲಾಗದ ರೈತ ರಾತ್ರೋರಾತ್ರಿ ಊರು ಬಿಡುವುದು. ಎಲ್ಲ ವಿರಕ್ತರೂ ಭಕ್ತಿಗಾಗಿಯೇ ಹೋದರು ಅಂತ ನಾನಂತೂ ಹೇಳಲಾರೆ. ವ್ಯಾಲೆನ್ಸ್ ಚಕ್ರವರ್ತಿ (ಆಳ್ವಿಕೆ 364ರಿಂದ 378) ಒಂದು ಕಾನೂನನ್ನೇ ಮಾಡಿದ. ನಗರದ ಹೊಣೆ ತಪ್ಪಿಸಿಕೊಳ್ಳಲು ಧರ್ಮದ ನೆಪದಲ್ಲಿ ಸನ್ಯಾಸಿಗಳ ಗುಂಪು ಸೇರಿದ ಸೋಮಾರಿಗಳನ್ನು ಎಳೆದುಕೊಂಡು ಬನ್ನಿ ಅಂತ.

ಈಗ ಅಂತೋಣಿಯ ಕಥೆಗೆ ಬರೋಣ. ಅವನು ಹೊರಟಿದ್ದು ಈ ಸುಖಕಾಲಕ್ಕಿಂತ ಮುಂಚೆ, 270ರ ಸುಮಾರಿಗೆ. ಆದರೆ ಆಮೇಲಿನವರೆಲ್ಲ ಹೋಗಿದ್ದು ಅವನ ಹೆಜ್ಜೆ ನೋಡಿಕೊಂಡೇ. ಅವನ ಬದುಕನ್ನು ಬರೆದವನು ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಅಥನಾಸಿಯಸ್, ಅವನನ್ನು ಸ್ವತಃ ಬಲ್ಲವನು.

ಅನುಕೂಲವಂತರ ಮನೆ. ಹದಿನೆಂಟೋ ಇಪ್ಪತ್ತೋ ವರ್ಷವಿದ್ದಾಗ ಅಪ್ಪ ಅಮ್ಮ ತೀರಿಕೊಂಡರು. ಉಳಿದದ್ದು ಒಬ್ಬಳು ಚಿಕ್ಕ ತಂಗಿ ಮತ್ತು 300 ಅರೂರ ಜಮೀನು. ಅರೂರ ಅನ್ನೋದು ಈಜಿಪ್ಟಿನ ಅಳತೆ, ನಮ್ಮ ಲೆಕ್ಕದಲ್ಲಿ ಒಟ್ಟು 200 ಎಕರೆ ಆಸುಪಾಸು. ಅದೂ ನೈಲ್ ನದಿಯ ಮೆಕ್ಕಲು ಮಣ್ಣು. ಮಂಡ್ಯದ ಕಡೆ ನಾಲೆ ನೀರಿನ ಗದ್ದೆ 200 ಎಕರೆ ಅಂತ ಅಂದುಕೊಳ್ಳಿ, ಆಗ ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತೆ.

ಒಂದು ದಿನ ದೇವಾಲಯಕ್ಕೆ ಹೋದಾಗ ಮತ್ತಾಯನ ಶುಭಸಂದೇಶ ಓದುತ್ತಿದ್ದರು. ಯೇಸು ಆ ಶ್ರೀಮಂತ ಯುವಕನಿಗೆ ಹೇಳುವ ಮಾತು: ಪರಿಪೂರ್ಣನಾಗಬೇಕಾದರೆ ಹೋಗಿ ನಿನ್ನದನ್ನೆಲ್ಲ ಮಾರಿ ಬಡವರಿಗೆ ಕೊಡು. ನಾವೆಲ್ಲ ಇಂಥ ಮಾತು ಕೇಳಿ ತಲೆಯಾಡಿಸಿ ಮನೆಗೆ ಬಂದು ಊಟ ಮಾಡುತ್ತೇವೆ. ಈ ಹುಡುಗ ಮಾತ್ರ ಅದು ತನಗೇ ಹೇಳಿದ್ದು ಅಂದುಕೊಂಡ. ಜಮೀನನ್ನು ಊರವರಿಗೆ ಬಿಟ್ಟುಕೊಟ್ಟ. ಸಾಮಾನೆಲ್ಲ ಮಾರಿ ಬಡವರಿಗೆ ಹಂಚಿದ. ತಂಗಿಗೆ ಅಂತ ಸ್ವಲ್ಪ ಇಟ್ಟುಕೊಂಡ. ಇನ್ನೊಂದು ದಿನ "ನಾಳೆಯ ಚಿಂತೆ ಬೇಡ" ಎಂಬ ವಾಕ್ಯ ಕಿವಿಗೆ ಬಿತ್ತು. ಆ ಸ್ವಲ್ಪವನ್ನೂ ಕೊಟ್ಟುಬಿಟ್ಟ. ತಂಗಿಯನ್ನು ಮದುವೆಯಾಗದೆ ದೇವರಿಗೆ ಮುಡಿಪಾಗಿದ್ದ ನಂಬಿಕಸ್ತ ಕನ್ಯೆಯರ ಜೊತೆ ಬಿಟ್ಟು ಹೊರಟ.

ಇಲ್ಲಿ ನನಗೆ ಪ್ರತಿ ಸಲವೂ ಮುಳ್ಳು ಚುಚ್ಚುತ್ತದೆ. ಅಣ್ಣ ಆರಿಸಿಕೊಂಡ. ಆ ಹುಡುಗಿಯನ್ನು ಯಾರು ಕೇಳಿದರು? ಅಥನಾಸಿಯಸ್ ಅವಳ ಹೆಸರನ್ನೂ ಬರೆದಿಲ್ಲ. ಎಷ್ಟೋ ವರ್ಷಗಳಾದ ಮೇಲೆ ಅಂತೋಣಿ ಅವಳನ್ನು ನೋಡುತ್ತಾನೆ. ಅಷ್ಟು ಹೊತ್ತಿಗೆ ಅವಳೂ ಮುದುಕಿ, ಬೇರೆ ಕನ್ಯೆಯರಿಗೆ ಹಿರಿಯಳಾಗಿದ್ದಾಳೆ, ಅವನಿಗೆ ಸಂತೋಷವಾಗುತ್ತದೆ. ಅಷ್ಟೇ.

ಅಂದ ಹಾಗೆ, ಮೈಸೂರು ಕಡೆಯ ಡೋರನಹಳ್ಳಿಯ ಚರ್ಚಿಗೆ ಹರಕೆ ಹೊತ್ತು ಹೋಗುವವರಿಗೆ ಒಂದು ಮಾತು. ಅಲ್ಲಿನ ಸಂತ ಅಂತೋಣಿ ಇವನಲ್ಲ. ಅವರು 1195ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ ಪದುವಾ ಊರಿನ ಹೆಸರಿನಿಂದ ಪ್ರಸಿದ್ಧರಾದವರು. ಮನೆಯವರು ಇಟ್ಟ ಹೆಸರು ಫೆರ್ನಾಂಡೊ. ಫ್ರಾನ್ಸಿಸ್ಕನ್ ಸನ್ಯಾಸಿಗಳ ಸಭೆ ಸೇರಿದಾಗ ಈ ಮರುಭೂಮಿಯ ಅಂತೋಣಿಯ ಹೆಸರನ್ನು ಇಟ್ಟುಕೊಂಡರು. ಮಗನಿಗೆ ಅಂತೋಣಿ ಅಂತ ಹೆಸರಿಟ್ಟ ಮೈಸೂರು ಸೀಮೆಯ ಮನೆಗಳಿಗೂ ಆ 200 ಎಕರೆಗೂ ಹೀಗೆ ಒಂದು ಎಳೆ ಇದೆ.

ಊರ ಹತ್ತಿರ ಸ್ವಲ್ಪ ಕಾಲ, ಗೋರಿಗಳ ನಡುವೆ ಸ್ವಲ್ಪ ಕಾಲ ಇದ್ದು, ಕೊನೆಗೆ ಅಂತೋಣಿ ನೈಲ್ ದಾಟಿ ಒಂದು ಪಾಳುಕೋಟೆ ಹೊಕ್ಕ. ಸುಮಾರು 20 ವರ್ಷ ಒಳಗೇ. ಜನ ಬಾಗಿಲು ಮುರಿದಾಗ ಹೊರಗೆ ಬಂದವನನ್ನು ನೋಡಿ ಎಲ್ಲರಿಗೂ ಆಶ್ಚರ್ಯ. ಸೊರಗಿರಲಿಲ್ಲ, ಬೊಜ್ಜೂ ಬಂದಿರಲಿಲ್ಲ. ಒಳಗೆ ಹೋದಾಗ ಹೇಗಿದ್ದನೋ ಹಾಗೇ ಇದ್ದ. ಅಥನಾಸಿಯಸ್ ಇದನ್ನು ಬೇಕೆಂದೇ ಬರೆದಿದ್ದಾನೆ. ದೇಹವನ್ನು ದಂಡಿಸಿ ಕೊಲ್ಲಲು ಹೋದವನಲ್ಲ ಎಂದು ತೋರಿಸಬೇಕಿತ್ತು. 311ರಲ್ಲಿ ಮತ್ತೆ ಹಿಂಸೆ ಶುರುವಾದಾಗ ಅಂತೋಣಿ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಸೆರೆಯಲ್ಲಿದ್ದವರ ಸೇವೆ ಮಾಡಿದ. ಹುತಾತ್ಮನಾಗುವ ಆಸೆಯಿತ್ತು, ಯಾರೂ ಹಿಡಿಯಲಿಲ್ಲ. ವಾಪಸ್ ಬಂದ. 356ರಲ್ಲಿ ತೀರಿಕೊಂಡಾಗ ವಯಸ್ಸು 105 ಅಂತ ಹೇಳುತ್ತಾರೆ.

ಜಮೀನು ಕೊಡುವುದು ಒಂದು ದಿನದ ಕೆಲಸ. ಮಾರನೇ ದಿನ ಬೆಳಿಗ್ಗೆ ಏನು ಮಾಡುವುದು? ಮರುಭೂಮಿಯ ವಿರಕ್ತರು ಜಗತ್ತಿಗೆ ಬಿಟ್ಟುಹೋಗಿರುವುದು ಈ ಪ್ರಶ್ನೆಗೆ ಹುಡುಕಿದ ಉತ್ತರಗಳನ್ನು. ಬಿಟ್ಟ ಸುಖ ಎಲ್ಲೂ ಹೋಗಿರುವುದಿಲ್ಲ, ತಲೆಯೊಳಗೆ ಬಂದು ಕೂತಿರುತ್ತದೆ ಅಂತ ಅವರಿಗೆ ಬೇಗ ಗೊತ್ತಾಯಿತು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬರೆದವನು ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಳ್ಳೆ ಹೆಸರು ಮಾಡಿದ್ದ ಡೀಕನ್. ಮದುವೆಯಾದ ಒಬ್ಬ ಹೆಣ್ಣಿನ ಮೇಲೆ ಮನಸ್ಸು ಹೋಯಿತು. ಊರು ಬಿಟ್ಟು ಜೆರುಸಲೇಮಿಗೆ ಬಂದ, ಅಲ್ಲಿ ಮತ್ತೆ ಠಾಕುಠೀಕು ಬಟ್ಟೆಯ ಶೋಕಿ ಹಿಡಿಯಿತು, ಕಾಯಿಲೆ ಬಿದ್ದ. ಮೆಲಾನಿಯಾ ಎಂಬ ಹಿರಿಯ ಸನ್ಯಾಸಿನಿ ಆರೈಕೆ ಮಾಡಿ, ನಿಜ ಬಾಯಿಬಿಡಿಸಿ, ಈಜಿಪ್ಟಿಗೆ ಕಳಿಸಿದಳು. 383ರ ಸುಮಾರಿಗೆ ಹೋದವನು 399ರಲ್ಲಿ ಸಾಯುವವರೆಗೆ ಅಲ್ಲೇ ಇದ್ದ. ಹೆಣ್ಣನ್ನು ಬರೀ ಬಲೆ ಅನ್ನೋ ಹಾಗೆ ಕಾಣುವ ಮಾತು ಈ ವಿರಕ್ತರ ಬರಹದಲ್ಲಿ ಬೇಕಾದಷ್ಟಿದೆ, ಓದಲು ಹಿಂಸೆಯಾಗುತ್ತದೆ. ಅವರಲ್ಲೇ ದೊಡ್ಡ ಬುದ್ಧಿವಂತನನ್ನು ದಾರಿಗೆ ಹಚ್ಚಿದ್ದು ಮಾತ್ರ ಒಬ್ಬ ಹೆಣ್ಣು.

ಇವಾಗ್ರಿಯಸ್ ಎಂಟು ಯೋಚನೆಗಳ ಪಟ್ಟಿ ಮಾಡಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಸಿಟ್ಟು, ಬೇಸರ, ಹೊಗಳಿಕೆಯ ಆಸೆ, ಅಹಂಕಾರ. ಎರಡು ಶತಮಾನದ ನಂತರ ರೋಮಿನಲ್ಲಿ ಪೋಪ್ ಮೊದಲನೇ ಗ್ರೆಗರಿ ಇದನ್ನು ಬದಲಾಯಿಸಿದ ಮೇಲೆ ಏಳು ಮಹಾಪಾಪಗಳ ಪಟ್ಟಿ ಹುಟ್ಟಿತು. ಮೂಲದಲ್ಲಿ ಇವು ಪಾಪಗಳಲ್ಲ, ಯೋಚನೆಗಳು. ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ, ಉಳಿಸಿಕೊಳ್ಳುವುದು ಬಿಡುವುದು ನಮ್ಮ ಕೈಯಲ್ಲಿದೆ ಅಂತಾನೆ ಅವನು.

ಹೊಟ್ಟೆಬಾಕತನ ಅಂದಾಗ ಬಿಸಿ ಬಿರಿಯಾನಿ ನೆನಪಾಗುವುದು ಅಂದುಕೊಂಡಿರಾ? ಇವಾಗ್ರಿಯಸ್ ಬರೆಯುವುದೇ ಬೇರೆ. ಉಪವಾಸ ಇದ್ದವನಿಗೆ ಹೊಟ್ಟೆಯ ಚಿಂತೆ ಶುರುವಾಗುತ್ತದೆ. ಯಕೃತ್ತು ಏನಾದೀತು, ಗುಲ್ಮ ಊದೀತೇನೋ, ಮೈಯಲ್ಲಿ ನೀರು ತುಂಬಿಕೊಂಡೀತು, ಇಲ್ಲಿ ವೈದ್ಯರೂ ಇಲ್ಲವಲ್ಲ. ಆಸೆ ಆರೋಗ್ಯದ ಸಲಹೆಯ ವೇಷದಲ್ಲಿ ಬರುತ್ತದೆ! ಹಣದಾಸೆಯೂ ಹಾಗೇ. ಬಂಗಾರದ ಕನಸೇನೂ ಬೀಳುವುದಿಲ್ಲ. ದೀರ್ಘ ಮುಪ್ಪು, ಕೆಲಸಕ್ಕೆ ಬಾರದ ಕೈ, ಬರಗಾಲ, ಕಾಯಿಲೆ, ಇನ್ನೊಬ್ಬರ ಮುಂದೆ ಕೈಯೊಡ್ಡುವ ನಾಚಿಕೆ, ಇವು ಕಣ್ಣ ಮುಂದೆ ಬರುತ್ತವೆ. ವಿಮೆ ಮಾರುವವರು ನಮ್ಮ ಮುಂದೆ ಕೂತು ಹೇಳುವುದೂ ಇದನ್ನೇ, ಅಲ್ವಾ?

ಎಲ್ಲಕ್ಕಿಂತ ಭಾರವಾದದ್ದು ಬೇಸರ. ಗ್ರೀಕಿನಲ್ಲಿ ಅಕೀಡಿಯಾ. ಇದನ್ನು ಮಧ್ಯಾಹ್ನದ ದೆವ್ವ ಅಂತ ಕರೆದರು, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅದರ ಹೊತ್ತು. ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ ಮೂರರ ನಂತರ ಅನ್ನೋದನ್ನು ನೆನಪಿಟ್ಟುಕೊಂಡು ಓದಿ. ಸೂರ್ಯ ಚಲಿಸುತ್ತಲೇ ಇಲ್ಲ ಅನ್ನಿಸುತ್ತದೆ, ದಿನಕ್ಕೆ 50 ಗಂಟೆ ಇದ್ದ ಹಾಗೆ. ಕಿಟಕಿಯ ಕಡೆಗೇ ಕಣ್ಣು. ಎದ್ದು ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಅಂತ ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಈ ಕಡೆ ಬರುತ್ತಿದ್ದಾರಾ ಅಂತ ಅತ್ತ ಇತ್ತ ಕಣ್ಣಾಡಿಸುತ್ತಾನೆ. ಈ ಜಾಗವೇ ಸರಿಯಿಲ್ಲ, ಇಲ್ಲಿ ಯಾರಿಗೂ ನನ್ನ ಮೇಲೆ ಪ್ರೀತಿಯಿಲ್ಲ, ಬೇರೆ ಕಡೆ ಹೋದರೆ ಚೆನ್ನಾಗಿರುತ್ತದೆ, ದೇವರು ಎಲ್ಲಿದ್ದರೂ ದೇವರೇ ತಾನೆ? ಆಮೇಲೆ ಮನೆಯವರ ನೆನಪು. ಕಿಟಕಿಯ ಬದಲು ಮೊಬೈಲ್ ಇಟ್ಟು ನೋಡಿ, ಆಫೀಸಿನ ಮಧ್ಯಾಹ್ನವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ಇದಕ್ಕೆ ಅವರು ಹುಡುಕಿದ ಮದ್ದು ತೀರಾ ಸಾದಾ. ಎದ್ದು ಹೋಗಬೇಡ, ಗುಡಿಸಲಲ್ಲೇ ಕೂತಿರು. ಬರುವ ಯೋಚನೆಯನ್ನು ಹಿರಿಯನಿಗೆ ಬಾಯಿಬಿಟ್ಟು ಹೇಳು. ಹಿರಿಯನನ್ನು ಅಬ್ಬಾ ಅನ್ನುತ್ತಿದ್ದರು, ಅಂದರೆ ಅಪ್ಪ. ಉತ್ತರ ಕರ್ನಾಟಕದಲ್ಲಿ ಮಠದ ಸ್ವಾಮಿಗಳನ್ನು ಅಪ್ಪಾವ್ರು ಅಂತ ಕರೆಯುವುದು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯದು, ಕೈಗೆ ಕೆಲಸ.

ಕೆಲಸ ಅಂದರೆ ಹೆಚ್ಚಾಗಿ ಖರ್ಜೂರದ ಗರಿ. ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಸೀಳಿ, ಹಗ್ಗ ಹೊಸೆಯಬೇಕು, ಬುಟ್ಟಿ ಚಾಪೆ ಹೆಣೆಯಬೇಕು. ಕೈ ಹೆಣೆಯುತ್ತಿರುವಾಗ ಬಾಯಿ ಕೀರ್ತನೆ ಹೇಳುತ್ತಿರಬೇಕು. ಬುಟ್ಟಿ ಮಾರಿ ಬಂದ ದುಡ್ಡಲ್ಲಿ ರೊಟ್ಟಿ, ಉಪ್ಪು, ಒಂಚೂರು ಎಣ್ಣೆ. ಉಳಿದರೆ ಬಡವರಿಗೆ. ಸುಗ್ಗಿಯಲ್ಲಿ ಎಷ್ಟೋ ಜನ ನೈಲ್ ಕಡೆಗೆ ಇಳಿದು ಕೊಯ್ಲಿನ ಕೂಲಿಗೂ ಹೋಗುತ್ತಿದ್ದರು. ರೊಟ್ಟಿ ಅಂದರೆ ಒಣಗಿಸಿಟ್ಟ ಸಣ್ಣ ಬ್ರೆಡ್ಡು, ನಮ್ಮ ರಸ್ಕಿನ ಹಾಗೆ ಎಷ್ಟು ತಿಂಗಳಾದರೂ ಕೆಡದು. ನೀರಲ್ಲಿ ಅದ್ದಿ ತಿನ್ನಬೇಕು. ದಿನಕ್ಕೆ ಎರಡು.

ಪೌಲ ಎಂಬ ಹಿರಿಯನೊಬ್ಬನ ಕಥೆಯನ್ನು ಕ್ಯಾಸಿಯನ್ ಹೇಳುತ್ತಾನೆ. ಕ್ಯಾಸಿಯನ್ ಈಜಿಪ್ಟಿನಲ್ಲಿ ಇದ್ದು ಬಂದು, ಅಲ್ಲಿ ಕಲಿತದ್ದನ್ನು ಈಗ ಫ್ರಾನ್ಸ್ ಅನ್ನುವ ನಾಡಿನ ಆಗಿನವರಿಗೆ ಬರೆದುಕೊಟ್ಟವನು. ಪೌಲ ಇದ್ದದ್ದು ಊರಿನಿಂದ ಏಳು ದಿನಕ್ಕೂ ಮೀರಿದ ದಾರಿಯಲ್ಲಿ. ಖರ್ಜೂರ, ಸಣ್ಣ ತೋಟ, ಹೊಟ್ಟೆಗೆ ಅಷ್ಟು ಸಾಕು. ಅವನ ಬುಟ್ಟಿ ಸಾಗಿಸುವ ಖರ್ಚು ಬುಟ್ಟಿಯ ಬೆಲೆಗಿಂತ ಜಾಸ್ತಿ. ಆದರೂ ದಿನವೂ ಲೆಕ್ಕ ಹಾಕಿಕೊಂಡು ಗರಿಯ ಕೆಲಸ ಮಾಡುತ್ತಿದ್ದ. ವರ್ಷ ತುಂಬಿ ಗವಿಯೂ ತುಂಬಿದಾಗ ಎಲ್ಲಕ್ಕೂ ಬೆಂಕಿ ಹಚ್ಚುತ್ತಿದ್ದ. ಮಾರನೇ ದಿನದಿಂದ ಮತ್ತೆ ಶುರು. ಓದಿದಾಗ ಮೊದಲು ಹುಚ್ಚು ಅನ್ನಿಸಿತು. ಆಮೇಲೆ ಮನೆ ಮುಂದೆ ದಿನಾ ಬೆಳಿಗ್ಗೆ ರಂಗೋಲಿ ಹಾಕುವವರು ನೆನಪಾದರು, ಅಷ್ಟು ಹುಚ್ಚು ಅನ್ನಿಸಲಿಲ್ಲ.

ಇನ್ನು ಸುಖ ಬಿಟ್ಟೆ ಅನ್ನೋದನ್ನು ಅಳೆಯುವುದು ಹೇಗೆ? ಇದಕ್ಕೆ ಆರ್ಸೇನಿಯಸ್‌ನ ಕಥೆ ಇದೆ. ಅರಮನೆಯಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯ ಮಕ್ಕಳಿಗೆ ಪಾಠ ಹೇಳಿದವನು ಅಂತ ಪ್ರತೀತಿ. ಎಲ್ಲ ಬಿಟ್ಟು ಸ್ಕೀಟಿಸ್ ಎಂಬ ಮರುಭೂಮಿಗೆ ಬಂದ, ಈಗಿನ ವಾದಿ ನತ್ರೂನ್. ಒಮ್ಮೆ ಕಾಯಿಲೆ ಬಿದ್ದಾಗ ಅಲ್ಲಿನ ಪಾದ್ರಿ ಹಾಸಿಗೆ ಹಾಸಿ ತಲೆಗೆ ಸಣ್ಣ ದಿಂಬು ಕೊಟ್ಟು ಮಲಗಿಸಿದರು. ನೋಡಲು ಬಂದ ಒಬ್ಬ ಮುದುಕ ವಿರಕ್ತನಿಗೆ ಕಸಿವಿಸಿ: "ಇವರೇನಾ ಅಬ್ಬಾ ಆರ್ಸೇನಿಯಸ್? ದಿಂಬು ಇಟ್ಟುಕೊಂಡು ಮಲಗಿದ್ದಾರಲ್ಲ!" ಪಾದ್ರಿ ಅವನನ್ನು ಪಕ್ಕಕ್ಕೆ ಕರೆದು ಕೇಳಿದರು, ಊರಲ್ಲಿ ಏನು ಮಾಡಿಕೊಂಡಿದ್ದಿ ಅಂತ. ಕುರಿ ಕಾಯುತ್ತಿದ್ದೆ. ಹೇಗಿತ್ತು ಬದುಕು? ತುಂಬ ಕಷ್ಟ. ಈಗ ಹೇಗಿದ್ದೀಯ? ಆಗಿಗಿಂತ ನೆಮ್ಮದಿಯಾಗಿದ್ದೇನೆ. ಇವರು ಅಲ್ಲಿ ಹೇಗಿದ್ದರು ಗೊತ್ತಾ? ರೇಷ್ಮೆ, ಬಂಗಾರ, ಸುತ್ತಲೂ ಆಳುಗಳು. ನೀನು ಕಷ್ಟದಿಂದ ಸುಖಕ್ಕೆ ಬಂದೆ, ಇವರು ಸುಖದಿಂದ ಕಷ್ಟಕ್ಕೆ ಬಂದರು. ಮುದುಕ ಅಡ್ಡಬಿದ್ದು ತಪ್ಪಾಯಿತು ಅಂದ.

ನನಗೆ ಈ ಕಥೆ ಇಷ್ಟ, ಆದರೂ ಕೊನೆಯಲ್ಲಿ ಅಡ್ಡಬಿದ್ದದ್ದು ಕುರಿ ಕಾಯುವವನೇ ಅನ್ನೋದು ಇಷ್ಟವಾಗುವುದಿಲ್ಲ. ಅವನು ಏನನ್ನೂ ಬಿಡಬೇಕಾಗಿರಲಿಲ್ಲ, ಅವನ ಹತ್ತಿರ ಇದ್ದಿದ್ದರೆ ತಾನೆ?

ಅತಿ ಮಾಡುವವರನ್ನು ಕಂಡರೆ ಈ ಹಿರಿಯರಿಗೇ ಆಗುತ್ತಿರಲಿಲ್ಲ. ಅಂತೋಣಿ ಶಿಷ್ಯರ ಜೊತೆ ನಗುತ್ತಾ ಕೂತಿದ್ದನ್ನು ನೋಡಿ ಬೇಟೆಗಾರನೊಬ್ಬ ಮುಖ ಸಿಂಡರಿಸಿದ. ಅಂತೋಣಿ, ಬಿಲ್ಲು ಎಳೆ ಅಂದ. ಎಳೆದ. ಇನ್ನೂ ಎಳೆ ಅಂದ. ಇನ್ನೂ. ಬಿಲ್ಲು ಮುರಿದೇಹೋಗುತ್ತೆ ಅಂದ ಬೇಟೆಗಾರ. ನಾವೂ ಅಷ್ಟೇ ಅಂದ ಅಂತೋಣಿ. ಅತಿಥಿ ಬಂದರೆ ಉಪವಾಸ ಮುರಿದು ಜೊತೆಗೆ ಕೂತು ಉಣ್ಣುತ್ತಿದ್ದರು. ಉಪವಾಸ ಯಾವಾಗಲೂ ನನ್ನ ಹತ್ತಿರವೇ ಇರುತ್ತೆ, ನೀವು ಎದ್ದು ಹೋಗುತ್ತೀರಲ್ಲ ಅಂತ ಒಬ್ಬ ಹಿರಿಯ ಕ್ಯಾಸಿಯನ್‌ಗೆ ಹೇಳಿದ.

ಒಂಟಿಯಾಗಿರುವುದು ಎಲ್ಲರಿಗೂ ಆಗಿಬರುವುದಿಲ್ಲ. ಒಟ್ಟಿಗೆ ಬಾಳುವ ಮಠ ಕಟ್ಟಿದವನು ಪಖೋಮಿಯಸ್. ಕ್ರೈಸ್ತನಾಗಿ ಹುಟ್ಟಿದವನಲ್ಲ. ಬಲವಂತವಾಗಿ ಸೈನ್ಯಕ್ಕೆ ಹಿಡಿದೊಯ್ದು ಥೀಬ್ಸ್‌ನಲ್ಲಿ ಕೂಡಿಹಾಕಿದ್ದಾಗ, ಗುರುತು ಪರಿಚಯ ಇಲ್ಲದ ಊರಿನ ಕ್ರೈಸ್ತರು ಊಟ ತಂದುಕೊಟ್ಟರು. ಯಾಕೆ ಕೊಡುತ್ತಾರೆ ಇವರು ಎಂಬ ಪ್ರಶ್ನೆಯಿಂದ ಅವನ ದಾರಿ ಶುರು. ಅವನು ಸಾಯುವ ಹೊತ್ತಿಗೆ ಗಂಡಸರ ಒಂಬತ್ತು ಮಠಗಳಿದ್ದವು, ಮಠದೊಳಗೆ ಕಸುಬಿನ ಲೆಕ್ಕದಲ್ಲಿ ಬೇರೆ ಬೇರೆ ಮನೆಗಳು.

ಮಠಗಳ ತೊಂದರೆಯನ್ನೂ ಹೇಳಿಬಿಡಬೇಕು. ನೂರು ಜನ ದುಡಿಯುತ್ತಾರೆ, ಯಾರೂ ಖರ್ಚು ಮಾಡುವುದಿಲ್ಲ, ದಾನ ಬೇರೆ ಬರುತ್ತದೆ. ಆಮೇಲೆ ಏನಾಗುತ್ತದೆ ಅಂತ ಯಾವ ಅಂಗಡಿಯವನಾದರೂ ಹೇಳಬಲ್ಲ. ಯುರೋಪಿನ ಮಠಗಳು ಶತಮಾನಗಳ ಉದ್ದಕ್ಕೂ ಶ್ರೀಮಂತವಾಗುತ್ತಾ ಹೋದವು. ಅದನ್ನು ತಾಳಲಾರದೆ ಮತ್ತೆ ಮತ್ತೆ ಯಾರಾದರೂ ಒಬ್ಬ ಎದ್ದು ಬರಿಗೈಯಲ್ಲಿ ಹೊರಡುತ್ತಿದ್ದ. ಫ್ರಾನ್ಸಿಸ್ಕನ್ ಸಭೆ ಕಟ್ಟಿದ ಅಸಿಸಿಯ ಫ್ರಾನ್ಸಿಸ್ ತನ್ನ ಸಭೆಯ ಸಹೋದರರಿಗೆ ನಾಣ್ಯ ಮುಟ್ಟುವುದನ್ನೇ ಬೇಡ ಅಂದ.

ಈಜಿಪ್ಟಿನಲ್ಲಿ ಆ ದಾರಿ ಇನ್ನೂ ಮುಚ್ಚಿಲ್ಲ. ಯೂಸುಫ್ ಇಸ್ಕಂದರ್ ಎಂಬ ಔಷಧಿ ಅಂಗಡಿಯವರು 1948ರಲ್ಲಿ ಅಂಗಡಿ ಮಾರಿ ಸನ್ಯಾಸಿಯಾದರು. ಹೊಸ ಹೆಸರು ಮತ್ತಾ ಅಲ್ ಮಿಸ್ಕೀನ್, ಬಡ ಮತ್ತಾಯ. 1969ರಲ್ಲಿ 12 ಜನರ ಜೊತೆ ವಾದಿ ನತ್ರೂನ್‌ನ ಸಂತ ಮಕಾರಿಯಸ್ ಮಠಕ್ಕೆ ಬಂದಾಗ ಅಲ್ಲಿ ಕೆಲವೇ ಮುದುಕರು ಉಳಿದಿದ್ದರು. ಗೋಡೆಗಳು ಕುಸಿಯುತ್ತಿದ್ದವು. 2006ರಲ್ಲಿ ಅವರು ತೀರಿಕೊಂಡಾಗ ಮಠ ತುಂಬಿತ್ತು, ಸುತ್ತಲ ಮರಳಲ್ಲಿ ಬೇಸಾಯ ನಡೆಯುತ್ತಿತ್ತು.

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಹೋಗುವವರು ಆಶೀರ್ವನಂ ಮಠದ ಫಲಕ ನೋಡಿರಬಹುದು. ಅಲ್ಲಿನವರು ಬೆನೆಡಿಕ್ಟೀನರು. ಮರುಭೂಮಿಯ ಪಾಠವನ್ನು ಆರನೇ ಶತಮಾನದ ಇಟಲಿಯಲ್ಲಿ 73 ಅಧ್ಯಾಯಗಳ ನಿಯಮವಾಗಿ ಇಳಿಸಿದ ಬೆನೆಡಿಕ್ಟನ ಕಡೆಯವರು. ಆ ನಿಯಮ ಓದಿದರೆ ಮನುಷ್ಯರನ್ನು ಚೆನ್ನಾಗಿ ಬಲ್ಲವನು ಬರೆದದ್ದು ಅಂತ ಗೊತ್ತಾಗುತ್ತದೆ. ಸನ್ಯಾಸಿಗಳಿಗೆ ದ್ರಾಕ್ಷಾರಸ ಸಲ್ಲದು ಅಂತ ಓದಿದ್ದೇವೆ, ಆದರೆ ಈ ಕಾಲದವರನ್ನು ಒಪ್ಪಿಸಲಾಗದು, ಹಾಗಾಗಿ ದಿನಕ್ಕೆ ಒಂದು ಹೆಮಿನಾ ಸಾಕು ಅಂತಾನೆ. ಹೆಚ್ಚುಕಡಿಮೆ ಕಾಲು ಲೀಟರ್. ಸ್ವಂತದ್ದು ಅಂತ ಏನೂ ಇರಕೂಡದು, ಪುಸ್ತಕವಾಗಲಿ ಲೇಖನಿಯಾಗಲಿ. ಚಾಕು, ಸೂಜಿ, ಕರವಸ್ತ್ರ ಎಲ್ಲವನ್ನೂ ಮಠವೇ ಕೊಡಬೇಕು. ಆಮೇಲೂ ಹಾಸಿಗೆಯನ್ನು ಆಗಾಗ ತಡಕಿ ನೋಡಬೇಕು, ಏನಾದರೂ ಬಚ್ಚಿಟ್ಟಿದ್ದಾರಾ ಅಂತ.

ಹೊಸಬನನ್ನು ಒಂದು ವರ್ಷ ಕಾಯಿಸುತ್ತಾರೆ. ನಡುವೆ ಮೂರು ಸಲ ಇಡೀ ನಿಯಮ ಓದಿ ಹೇಳುತ್ತಾರೆ: ಇದು ನಿನ್ನ ಮುಂದಿರುವುದು, ಆಗುವುದಾದರೆ ಒಳಗೆ ಬಾ, ಆಗದಿದ್ದರೆ ಈಗಲೇ ಹೊರಡಬಹುದು. ಕೊನೆಗೆ ಅವನು ಆಣೆ ಇಟ್ಟ ದಿನ, ಎಲ್ಲರ ಮುಂದೆ ಅವನ ಬಟ್ಟೆ ಕಳಚಿ ಮಠದ ಬಟ್ಟೆ ಉಡಿಸುತ್ತಾರೆ. ಕಳಚಿದ್ದನ್ನು ಸುಡುವುದಿಲ್ಲ, ಬಡವರಿಗೂ ಕೊಡುವುದಿಲ್ಲ. ಮಡಿಸಿ ಬಟ್ಟೆ ಕೋಣೆಯಲ್ಲಿ ಇಡಬೇಕು ಅಂತ ಬೆನೆಡಿಕ್ಟ ಬರೆದಿದ್ದಾನೆ. ಮುಂದೆ ಎಂದಾದರೂ ಅವನು ಬಿಟ್ಟು ಹೋಗುತ್ತೇನೆ ಅಂದರೆ ಉಟ್ಟುಕೊಂಡು ಹೋಗಲು ಬೇಕಲ್ಲ.